ರದ್ದಿ, ನೆನಪು ಮತ್ತು ಬೆಲೆ: ಹಳೆಯ ಕಾಮಿಕ್ಸ್ ಸಂಗ್ರಹದ ಮೂರು ತಲೆಮಾರುಗಳು

ಭೌತಿಕ ಸಂಸ್ಕೃತಿ ಎಂದೊಡನೆ ಜಾನಪದ ವಿದ್ವಾಂಸರ ಕಣ್ಣೆದುರು ಬರುವುದು ನೇಗಿಲು, ಬೀಸುಕಲ್ಲು, ಒನಕೆ, ಕೊಳಗ, ತೊಟ್ಟಿಲುಗಳಂತಹ ವಸ್ತುಗಳು. ಇವೆಲ್ಲ ಕೈಯಿಂದ ತಯಾರಾದವು. ಒಂದು ಇನ್ನೊಂದರಂತೆ ಇರುವುದಿಲ್ಲ. ಯಂತ್ರದಿಂದ ಲಕ್ಷಗಟ್ಟಲೆ ಮುದ್ರಣಗೊಂಡು, ಕೆಲವೇ ಪೈಸೆಗೆ ಮಾರಾಟವಾಗಿ, ಓದಿದ ಮೇಲೆ ಬಿಸಾಡಬಹುದಾದ ಮಕ್ಕಳ ಚಿತ್ರಕಥಾ ಪುಸ್ತಕವನ್ನು ಈ ಸಾಲಿಗೆ ಸೇರಿಸಲು ನಾವು ಬಹುಕಾಲ ಹಿಂಜರಿದಿದ್ದೇವೆ. ಆದರೆ ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನೂ 'ಜನಪದ' ಎಂದು ಕರೆಯಬಹುದೆಂದು ಅಲನ್ ಡಂಡೆಸ್ 1965ರಲ್ಲಿಯೇ ವಾದಿಸಿದ್ದರು. ಈ ಅರ್ಥದಲ್ಲಿ ಹಳೆಯ ಕಾಮಿಕ್ಸ್ ಸಂಗ್ರಹಕಾರರೂ ಒಂದು ಜನಪದವೇ. ಅವರಿಗೆ ತಮ್ಮದೇ ಆದ ಪರಿಭಾಷೆಯಿದೆ, ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಸಾಗುವ ತಿಳಿವಳಿಕೆಯಿದೆ, ಪದೇ ಪದೇ ಹೇಳಿಕೊಳ್ಳುವ ಐತಿಹ್ಯಗಳಿವೆ. ಅಮೆರಿಕ ಮತ್ತು ಭಾರತಗಳಲ್ಲಿ ಈ ಸಂಗ್ರಹ ಪರಂಪರೆ ಮೂರು ತಲೆಮಾರುಗಳಲ್ಲಿ ಹೇಗೆ ಬೆಳೆಯಿತು, ಒಂದೊಂದು ತಲೆಮಾರು ಒಂದೇ ವಸ್ತುವಿನಲ್ಲಿ ಏನನ್ನು ಕಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1

ಈ ಚರ್ಚೆಗೆ ಮೈಕೆಲ್ ಥಾಂಪ್ಸನ್ 1979ರಲ್ಲಿ ಮಂಡಿಸಿದ 'ಕಸದ ಸಿದ್ಧಾಂತ' ಉತ್ತಮ ಆರಂಭಬಿಂದು. ಅವರ ಪ್ರಕಾರ ವಸ್ತುಗಳಲ್ಲಿ ಎರಡು ಬಗೆ. ದಿನಗಳೆದಂತೆ ಬೆಲೆ ಕಳೆದುಕೊಳ್ಳುವ ಕ್ಷಯಶೀಲ ವಸ್ತುಗಳು ಒಂದು ಬಗೆ. ದಿನಗಳೆದಂತೆ ಬೆಲೆ ಹೆಚ್ಚಿಸಿಕೊಳ್ಳುವ ಸ್ಥಾಯಿ ವಸ್ತುಗಳು ಇನ್ನೊಂದು. ಮೊದಲನೆಯದು ನೇರವಾಗಿ ಎರಡನೆಯದಾಗುವುದಿಲ್ಲ; ನಡುವೆ 'ಕಸ' ಎಂಬ ಘಟ್ಟವನ್ನು ಹಾಯಲೇಬೇಕು. ಯಾರ ಕಣ್ಣಿಗೂ ಬೀಳದೆ, ಬೆಲೆಯೇ ಇಲ್ಲದೆ ಬಿದ್ದಿರುವ ಆ ಅವಧಿಯಲ್ಲಿ ವಸ್ತುವಿಗೆ ಹೊಸ ಅರ್ಥ ಹುಟ್ಟುತ್ತದೆ. ನಮ್ಮ ಜಾನಪದ ವಸ್ತುಸಂಗ್ರಹಾಲಯಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸ್ಟೀಲು, ಪ್ಲಾಸ್ಟಿಕ್ ಬಂದು ಮರದ ಮತ್ತು ಮಣ್ಣಿನ ಪರಿಕರಗಳು ಅಟ್ಟ ಸೇರಿದ ಕಾಲದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ರೂಪುಗೊಂಡಿತು, ಎಚ್.ಎಲ್. ನಾಗೇಗೌಡರ ಜಾನಪದ ಲೋಕ 1994ರಲ್ಲಿ ರಾಮನಗರದ ಬಳಿ ಆರಂಭವಾಯಿತು. ನಿತ್ಯ ಬಳಕೆಯಲ್ಲಿದ್ದಾಗ ಬೀಸುಕಲ್ಲನ್ನು ಯಾರೂ ಸಂಗ್ರಹಿಸಲಿಲ್ಲ. ಅದು ಮೂಲೆ ಸೇರಿದ ಮೇಲೆಯೇ ಸಂಗ್ರಹಕಾರನ ದೃಷ್ಟಿಗೆ ಬಿದ್ದದ್ದು.

ಕಾಮಿಕ್ಸ್ ಪುಸ್ತಕ ಈ ಮೂರೂ ಘಟ್ಟಗಳನ್ನು ಒಬ್ಬ ಮನುಷ್ಯನ ಆಯುಷ್ಯದೊಳಗೇ ಹಾದುಹೋದ ವಸ್ತು. ತಲೆಮಾರುಗಳ ನಡುವಿನ ವ್ಯತ್ಯಾಸ ಇಲ್ಲಿ ನಿಚ್ಚಳವಾಗಿ ಕಾಣುವುದಕ್ಕೆ ಇದೇ ಕಾರಣ.

2

ಅಮೆರಿಕದಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ, 1938ರಲ್ಲಿ. ಬೆಲೆ ಹತ್ತು ಸೆಂಟು. ಸುಮಾರು 2 ಲಕ್ಷ ಪ್ರತಿಗಳು ಅಚ್ಚಾದವೆಂದೂ, ಉಳಿದಿರುವುದು ನೂರರ ಆಸುಪಾಸು ಎಂದೂ ಅಂದಾಜಿದೆ. ಉಳಿದವು ಏನಾದವು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಲಾಮಕ್ಕಳೇ ಮನೆಮನೆಗೆ ಹೋಗಿ ಹಳೆಯ ಕಾಗದ ಸಂಗ್ರಹಿಸಿ ಸರ್ಕಾರಕ್ಕೆ ಒಪ್ಪಿಸಿದರು. ಯುದ್ಧಾನಂತರ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂಬ ಭೀತಿ ಹಬ್ಬಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಂತಹ ಊರುಗಳಲ್ಲಿ ಅವನ್ನು ರಾಶಿ ಹಾಕಿ ಸುಡಲಾಯಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್‌ರ ಗ್ರಂಥ 1954ರಲ್ಲಿ ಹೊರಬಂದಿತು. ಅದೇ ವರ್ಷ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ತಮಗೆ ತಾವೇ ನೀತಿಸಂಹಿತೆಯೊಂದನ್ನು ವಿಧಿಸಿಕೊಂಡರು. ಹೀಗೆ ದೇಶಭಕ್ತಿ, ನೀತಿ ಮತ್ತು ಮನೆ ಚೊಕ್ಕಟ ಮಾಡುವ ತಾಯಂದಿರ ಕಸಬರಿಗೆ, ಈ ಮೂರೂ ಕೂಡಿ ಕೊರತೆಯನ್ನು ಸೃಷ್ಟಿಸಿದವು. ಇಂದಿನ ಬೆಲೆಯ ಬುಡದಲ್ಲಿರುವುದು ಅಂದಿನ ತಿರಸ್ಕಾರ.

ಮೊದಲ ತಲೆಮಾರಿನವರು ಈ ತಿರಸ್ಕಾರದ ನಡುವೆಯೂ ಬಿಸಾಡದೆ ಇಟ್ಟುಕೊಂಡವರು. ಇವರು ತಮ್ಮನ್ನು ಸಂಗ್ರಹಕಾರರೆಂದು ಕರೆದುಕೊಳ್ಳಲಿಲ್ಲ. ಕೊಲರಾಡೊದ ಎಡ್ಗರ್ ಚರ್ಚ್ ಎಂಬ ಚಿತ್ರಕಾರ ತನ್ನ ಕಸುಬಿನ ಆಕರವೆಂದು ಕಾಮಿಕ್ಸ್ ಕೊಂಡು ನೆಲಮಾಳಿಗೆಯಲ್ಲಿ ಪೇರಿಸಿಟ್ಟಿದ್ದ. 1977ರಲ್ಲಿ ಚಕ್ ರೋಜಾನ್‌ಸ್ಕಿ ಎಂಬ ವ್ಯಾಪಾರಿ ಅವನ್ನು ಕೊಂಡಾಗ ಅಲ್ಲಿ 18 ಸಾವಿರದಿಂದ 22 ಸಾವಿರ ಪುಸ್ತಕಗಳಿದ್ದವು. ಆ ಪ್ರದೇಶದ ಒಣಹವೆಯಿಂದಾಗಿ ಹಾಳೆಗಳು ಬೆಳ್ಳಗೇ ಉಳಿದಿದ್ದವು. ಈ ಸಂಗತಿ ಸಂಗ್ರಹಕಾರರ ಲೋಕದಲ್ಲಿ ನಿಧಿಯ ಐತಿಹ್ಯದಂತೆ ಇಂದಿಗೂ ಸಂಚರಿಸುತ್ತದೆ. ನಮ್ಮ ಹಳ್ಳಿಗಳ ಹೂತಿಟ್ಟ ಕೊಪ್ಪರಿಗೆಯ ಕಥೆಗಳಿಗೂ ಇದಕ್ಕೂ ಆಶಯದ ಮಟ್ಟದಲ್ಲಿ ದೂರವಿಲ್ಲ: ತನ್ನ ಬಳಿ ಏನಿದೆಯೆಂದು ಅರಿಯದ ಮನೆ, ಅರಿತು ಬಂದ ಅಪರಿಚಿತ, ಕಾಲ ಮೀರುವ ಮುನ್ನ ತೆರೆದುಕೊಂಡ ಬಾಗಿಲು.

ಎರಡನೆಯ ತಲೆಮಾರು ಪ್ರಬುದ್ಧ ವಯಸ್ಸಿನಲ್ಲಿ ಬಾಲ್ಯದ ಓದಿಗೆ ಮರಳಿದವರದು. ಜೆರ್ರಿ ಬೇಲ್ಸ್ 1961ರಲ್ಲಿ 'ಆಲ್ಟರ್ ಈಗೋ' ಎಂಬ ಹವ್ಯಾಸಿ ಪತ್ರಿಕೆಯನ್ನು ಹೊರತಂದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಆಸಕ್ತರ ಸಮಾವೇಶ ಸೇರಿತು. ಅನೇಕ ಚಿತ್ರಕಾರರ ಹೆಸರು ಪುಸ್ತಕಗಳಲ್ಲಿ ಅಚ್ಚಾಗಿರಲಿಲ್ಲ. ರೇಖೆಯ ಗುಣವನ್ನು ನೋಡಿಯೇ ಇದು ಇಂಥವರ ಕೈ ಎಂದು ಗುರುತಿಸಿ ಪಟ್ಟಿ ಮಾಡಿದವರು ಇವರು. ತಾಳೆಗರಿಗಳ ಕಾಲ-ಕರ್ತೃ ನಿರ್ಣಯಿಸುವ ಗ್ರಂಥಸಂಪಾದಕರ ಶಿಸ್ತಿಗೆ ಇದು ಸಮೀಪವಾದುದು. ಗ್ರಂಥಾಲಯಗಳು ಕೈಬಿಟ್ಟದ್ದನ್ನೂ ಇದೇ ತಲೆಮಾರು ಎತ್ತಿಕೊಂಡಿತು. ವೃತ್ತಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ ಮೂಲಪ್ರತಿಗಳನ್ನು ಗ್ರಂಥಾಲಯಗಳು ವಿಲೇವಾರಿ ಮಾಡುತ್ತಿದ್ದಾಗ ಬಿಲ್ ಬ್ಲ್ಯಾಕ್‌ಬಿಯರ್ಡ್ 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಅವುಗಳನ್ನು ಪಡೆದು ಮನೆ ತುಂಬ ತುಂಬಿಸಿಕೊಂಡರು. ಕೊನೆಗೆ ಸುಮಾರು 75 ಟನ್ ತೂಕದ ಆ ಸಂಗ್ರಹ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿತು. ಸಂಸ್ಥೆ ಬಿಸಾಡಿದ್ದನ್ನು ವ್ಯಕ್ತಿಯೊಬ್ಬ ಕಾಪಾಡಿ ಮರಳಿ ಸಂಸ್ಥೆಗೇ ಒಪ್ಪಿಸಿದ ನಿದರ್ಶನವಿದು.

ಮೂರನೆಯ ತಲೆಮಾರನ್ನು ರೂಪಿಸಿದ್ದು ಬೆಲೆ. ಓವರ್‌ಸ್ಟ್ರೀಟ್ ಬೆಲೆ ಕೈಪಿಡಿ 1970ರಲ್ಲಿಯೇ ಬಂದಿತ್ತಾದರೂ ಹೂಡಿಕೆಯ ಹುಚ್ಚು ಏರಿದ್ದು ತೊಂಬತ್ತರ ದಶಕದಲ್ಲಿ. 1991ರ 'ಎಕ್ಸ್-ಮೆನ್' ಮೊದಲ ಸಂಚಿಕೆಗೆ 80 ಲಕ್ಷಕ್ಕೂ ಮೀರಿ ಬೇಡಿಕೆ ಬಂದಿತು. ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಅದು ಅಪರೂಪವಾಗಲಿಲ್ಲ. ಕಸದ ಘಟ್ಟವನ್ನು ಹಾಯದ ವಸ್ತು ಸ್ಥಾಯಿಯಾಗದು ಎಂಬ ಥಾಂಪ್ಸನ್‌ರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಮಾರುಕಟ್ಟೆ ಕುಸಿಯಿತು, ಮಾರ್ವೆಲ್ ಸಂಸ್ಥೆ 1996ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಪುಸ್ತಕದ ಸ್ಥಿತಿಗೆ ಹತ್ತರವರೆಗೆ ಅಂಕ ನೀಡಿ, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡುವ ಪದ್ಧತಿಯನ್ನು ತಂದಿತು. 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಪ್ರತಿಯೊಂದು 2010ರಲ್ಲಿ 10 ಲಕ್ಷ ಡಾಲರಿಗೆ, 8.5 ಅಂಕದ ಇನ್ನೊಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾದವು. ಕವಚ ಒಡೆದರೆ ಅಂಕ ಊರ್ಜಿತವಾಗುವುದಿಲ್ಲ. ಆದ್ದರಿಂದ ಅದನ್ನು ಕೊಂಡವನು ಹಾಳೆ ತಿರುವುವಂತಿಲ್ಲ. ಮೊದಲ ತಲೆಮಾರಿಗೆ ಅದು ಓದುವ ಪುಸ್ತಕವಾಗಿತ್ತು, ಎರಡನೆಯದಕ್ಕೆ ಆಕರವಾಯಿತು, ಮೂರನೆಯದಕ್ಕೆ ಓದಲಾಗದ ಆಸ್ತಿಯಾಯಿತು.

3

ಭಾರತದ ಸಂದರ್ಭಕ್ಕೆ ಬಂದಾಗ ಈ ಚೌಕಟ್ಟನ್ನು ಯಥಾವತ್ತಾಗಿ ಅನ್ವಯಿಸಲಾಗದು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ 'ಇಂದ್ರಜಾಲ ಕಾಮಿಕ್ಸ್' ಲೀ ಫಾಕ್‌ರ ಫ್ಯಾಂಟಮ್‌ನನ್ನು ಅರವತ್ತು ಪೈಸೆಗೆ ಮನೆಮನೆಗೆ ತಂದಿತು. ಮುಂದೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಬಂದರು. 1976ರ ಡಿಸೆಂಬರಿನಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಬಹಾದ್ದೂರ್ ಎಂಬ ದೇಶೀ ನಾಯಕನೂ ಸೇರಿಕೊಂಡನು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟವಾದ ಈ ಮಾಲೆ 1990ರಲ್ಲಿ ನಿಂತಿತು. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರ ಸಂಪಾದಕತ್ವದ 'ಅಮರ ಚಿತ್ರಕಥೆ' 1967ರಿಂದ ಇಂಡಿಯಾ ಬುಕ್ ಹೌಸ್ ಮೂಲಕ ಬೆಳೆದು ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಕಂಡಿತು.

ಈ ಎರಡು ಮಾಲೆಗಳ ಸುತ್ತ ಸಂಗ್ರಹಕಾರರಲ್ಲಿ ಬೆಳೆದಿರುವ ತಿಳಿವಳಿಕೆಯ ಎರಡು ಉದಾಹರಣೆಗಳನ್ನು ಗಮನಿಸಬಹುದು. ಇಂದ್ರಜಾಲದ ಕ್ರಮಸಂಖ್ಯೆ 805ಕ್ಕೆ ಮುಟ್ಟಿದರೂ ಪ್ರಕಟವಾದ ಸಂಚಿಕೆಗಳು 803 ಮಾತ್ರ. 123 ಮತ್ತು 124 ಅಚ್ಚಾಗಲೇ ಇಲ್ಲ. ಇದನ್ನರಿಯದ ಹೊಸಬ ಆ ಎರಡಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಾನೆ. ಬಲ್ಲ ಹಿರಿಯ ಒಂದು ಮಾತಿನಲ್ಲಿ ಅವನ ಅಲೆದಾಟ ತಪ್ಪಿಸುತ್ತಾನೆ. ಎರಡನೆಯದು, ಅಮರ ಚಿತ್ರಕಥೆಯ ಇಂಗ್ಲಿಷ್ 'ಕೃಷ್ಣ'ದ ಮೇಲೆ ಮೊದಲ ಸಂಖ್ಯೆಯ ಬದಲು 11 ಎಂದಿರುವುದು. ಅದಕ್ಕೂ ಮೊದಲಿನ ಹತ್ತು ಪುಸ್ತಕಗಳು ಸಿಂಡ್ರೆಲಾದಂತಹ ಪಾಶ್ಚಾತ್ಯ ಕಥೆಗಳ ಭಾಷಾಂತರಗಳು. ಮಾಲೆ ಶುರುವಾದದ್ದು 1965ರಲ್ಲಿ, ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂಬುದು ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಹೇಳಿಕೆ. ಪ್ರಚಲಿತ ಕಥನ ಮಾಲೆಯನ್ನು 1967ರಿಂದ, ಮುಂಬಯಿಯಿಂದ ಆರಂಭಿಸುತ್ತದೆ. ಈ ಎರಡು ನಿರೂಪಣೆಗಳ ನಡುವೆ ಭೌತಿಕ ಸಾಕ್ಷ್ಯವಾಗಿ ನಿಲ್ಲುವುದು ಮುಖಪುಟದ ಮೇಲಿನ ಆ ಸಂಖ್ಯೆ ಮತ್ತು ಉಳಿದುಬಂದ ಹಳೆಯ ಪ್ರತಿಗಳು. ಮುಂದಿನ ಮರುಮುದ್ರಣಗಳಲ್ಲಿ 'ಕೃಷ್ಣ'ದ ಸಂಖ್ಯೆ 501 ಆಯಿತು. ಹಳೆಯ ಪ್ರತಿಗಳು ಇಲ್ಲವಾದರೆ ಕನ್ನಡ ಪ್ರಕಾಶನ ಚರಿತ್ರೆಯ ಪ್ರಶ್ನೆಯೊಂದನ್ನು ಕೇಳಲೂ ಆಧಾರ ಉಳಿಯುವುದಿಲ್ಲ.

4

ಇಲ್ಲಿ ಥಾಂಪ್ಸನ್‌ರ ಸಿದ್ಧಾಂತಕ್ಕೆ ತಿದ್ದುಪಡಿ ಅಗತ್ಯವಾಗುತ್ತದೆ. ಅವರ 'ಕಸ' ಬೆಲೆಯಿಲ್ಲದೆ ಅಟ್ಟದಲ್ಲಿ ಬಿದ್ದಿರುವ ವಸ್ತು. ನಮ್ಮಲ್ಲಿ ಹಳೆಯ ಕಾಗದಕ್ಕೆ ಬೆಲೆಯಿಲ್ಲದ ಕ್ಷಣವೇ ಇಲ್ಲ. ಓದಿ ಮುಗಿದೊಡನೆ ಅದು ರದ್ದಿ. ರದ್ದಿಗೆ ಕಿಲೋ ಲೆಕ್ಕದಲ್ಲಿ ದರವಿದೆ. ತಕ್ಕಡಿ ಹಿಡಿದವನು ಬಾಗಿಲಿಗೇ ಬರುತ್ತಾನೆ. ಅಲ್ಲಿಂದ ಅದು ದಿನಸಿ ಅಂಗಡಿಯ ಪೊಟ್ಟಣವಾಗಬಹುದು, ಕಾಗದದ ಕಾರ್ಖಾನೆಗೆ ಹೋಗಬಹುದು. ನಿರ್ಲಕ್ಷ್ಯದ ನೆರಳಿನಲ್ಲಿ ದಶಕಗಳ ಕಾಲ ಕಾದು ಕುಳಿತಿರುವ ಅವಕಾಶ ನಮ್ಮ ಕಾಮಿಕ್ಸ್‌ಗೆ ದೊರೆಯಲಿಲ್ಲ. ಗೆದ್ದಲು, ಮಳೆಗಾಲದ ತೇವ, ಬಾಡಿಗೆ ಮನೆಗಳ ಬದಲಾವಣೆ ಉಳಿದದ್ದನ್ನು ಮಾಡಿದವು. ಎಡ್ಗರ್ ಚರ್ಚ್‌ನ ನೆಲಮಾಳಿಗೆ ಇಲ್ಲಿ ಸುಲಭಕ್ಕೆ ಸಿಗದು.

ಹಾಗಾದರೆ ನಮ್ಮಲ್ಲಿ ಉಳಿದವು ಹೇಗೆ ಉಳಿದವು? ಬಹುಮಟ್ಟಿಗೆ ಎರಡು ಸಾಮಾಜಿಕ ರೂಢಿಗಳಿಂದ. ಒಂದು, ಬೈಂಡು ಹಾಕಿಸುವುದು. ಹತ್ತಿಪ್ಪತ್ತು ಸಂಚಿಕೆಗಳನ್ನು ಸೇರಿಸಿ, ಅಂಚು ಕತ್ತರಿಸಿ, ರಟ್ಟು ಕಟ್ಟಿಸಿದಾಗ ಅದು ರದ್ದಿಯ ರೂಪ ಕಳೆದುಕೊಂಡು 'ಪುಸ್ತಕ'ವಾಗುತ್ತಿತ್ತು. ಪುಸ್ತಕವನ್ನು ತೂಕಕ್ಕೆ ಹಾಕಲು ಮನೆಯವರು ಹಿಂದೆಮುಂದೆ ನೋಡುತ್ತಿದ್ದರು. ಇನ್ನೊಂದು, ದಿನಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿ. ಅದರ ರಬ್ಬರ್ ಮೊಹರು, ರಕ್ಷಾಪುಟ, ಹೊಲಿಗೆಗಳೇ ಪುಸ್ತಕದ ಆಯುಸ್ಸನ್ನು ಹೆಚ್ಚಿಸಿದವು. ಆದರೆ ಸಿಜಿಸಿಯ ಮಾನದಂಡದಲ್ಲಿ ಕತ್ತರಿಸಿದ ಅಂಚು ಒಂದು ಊನ, ಹೊಲಿಗೆಯ ರಂಧ್ರ ಒಂದು ಊನ, ಮೊಹರೂ ಊನವೇ. ಯಾವುದು ಪುಸ್ತಕವನ್ನು ಉಳಿಸಿತೋ ಅದೇ ಅದರ ಬೆಲೆ ಇಳಿಸುತ್ತದೆ.

ಭಾರತದ ಎರಡನೆಯ ತಲೆಮಾರು 1990ರ ನಂತರ, ಮಾಲೆ ನಿಂತುಹೋದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆ, ದೆಹಲಿಯ ದರಿಯಾಗಂಜ್, ಮುಂಬಯಿಯ ಫ್ಲೋರಾ ಫೌಂಟನ್‌ಗಳ ಹಳೆಪುಸ್ತಕದ ರಾಶಿಗಳಲ್ಲಿ ಕೂತು ಹುಡುಕಿದವರದು. ದರಿಯಾಗಂಜಿನ ಕಾಲುದಾರಿಯಿಂದ ಭಾನುವಾರದ ಪುಸ್ತಕ ಸಂತೆಯನ್ನು 2019ರಲ್ಲಿ ಎಬ್ಬಿಸಿ ಮಹಿಳಾ ಹಾಟ್‌ಗೆ ಸ್ಥಳಾಂತರಿಸಲಾಯಿತು. ಇಂತಹ ಸಂತೆಗಳು ಕದಲಿದಾಗ ಹುಡುಕುವವನಿಗೂ ಮಾರುವವನಿಗೂ ನಡುವೆ ಇದ್ದ ಹಳೆಯ ಪರಿಚಯವೂ ಕದಲುತ್ತದೆ. ಇದೇ ತಲೆಮಾರು ಪುಟಗಳನ್ನು ಸ್ಕ್ಯಾನ್ ಮಾಡಿ ಹಂಚಿಕೊಳ್ಳುವ ರೂಢಿಯನ್ನೂ ಬೆಳೆಸಿತು. ಹಕ್ಕುಸ್ವಾಮ್ಯದ ಪ್ರಶ್ನೆ ಅದರಲ್ಲಿ ಇದ್ದೇ ಇದೆ. ಆದರೂ ಇರುವ ಒಂದು ಪ್ರತಿಯನ್ನು ನೂರು ಜನ ಓದುವಂತೆ ಮಾಡುವ ಈ ಮನೋಧರ್ಮ ಲೈಬ್ರರಿಯ ದಿನಬಾಡಿಗೆ ಸಂಸ್ಕೃತಿಯ ಮುಂದುವರಿಕೆ. ಪ್ಲಾಸ್ಟಿಕ್ ಕವಚದ ಮನೋಧರ್ಮಕ್ಕೆ ತೀರ ವಿರುದ್ಧವಾದುದು. 2011ರಲ್ಲಿ ದೆಹಲಿಯಲ್ಲಿ ಕಾಮಿಕ್ ಕಾನ್ ಸಮಾವೇಶ ಆರಂಭವಾದ ಮೇಲೆ ಬೆಳೆದ ಮೂರನೆಯ ತಲೆಮಾರಿನ ಮುಂದೆ ಈ ಎರಡೂ ದಾರಿಗಳಿವೆ.

5

ಜಾನಪದ ಸಂಗ್ರಾಹಕನಿಗೆ ಒಂದು ಮೂಲಪಾಠವಿದೆ: ಹಾಡನ್ನು ಬರೆದುಕೊಂಡರೆ ಸಾಲದು; ಹಾಡಿದವರು ಯಾರು, ಯಾವ ಸಂದರ್ಭದಲ್ಲಿ, ಯಾರಿಗಾಗಿ ಹಾಡಿದರು ಎಂಬುದನ್ನೂ ದಾಖಲಿಸಬೇಕು. ಕಾಮಿಕ್ಸ್ ಸಂಗ್ರಹಕ್ಕೂ ಇದು ಸಲ್ಲುತ್ತದೆ. ಒಳಪುಟದಲ್ಲಿ ಬಾಲಕನೊಬ್ಬ ಬರೆದ ಹೆಸರು ಮತ್ತು ತರಗತಿ, ಲೈಬ್ರರಿಯ ಮೊಹರಿನಲ್ಲಿರುವ ಬಡಾವಣೆ, ಬೈಂಡಿನಲ್ಲಿ ಯಾವ ಸಂಚಿಕೆಯ ಪಕ್ಕ ಯಾವುದು ಕೂತಿದೆ ಎಂಬ ಕ್ರಮ, ಇವೆಲ್ಲ ಸಂದರ್ಭದ ದಾಖಲೆಗಳು. ಕನ್ನಡದ ಮಕ್ಕಳು ಯಾವ ಊರಿನಲ್ಲಿ, ಯಾವ ವರ್ಷ, ಯಾರ ಮೂಲಕ ಏನನ್ನು ಓದಿದರು ಎಂಬುದನ್ನು ಬೇರೆ ಯಾವ ಆಕರವೂ ಹೀಗೆ ಹೇಳದು. ಕಲೆಯಿಲ್ಲದ ಪ್ರತಿ ಮುದ್ರಣಾಲಯದ ಚರಿತ್ರೆಯನ್ನು ಹೇಳೀತು. ಓದಿನ ಚರಿತ್ರೆಯನ್ನು ಹೇಳುವುದು ಕಲೆಯಾದ ಪ್ರತಿಯೇ.

ಆದುದರಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕಿವೆ. ಕನ್ನಡದಲ್ಲಿ ಬಂದ ಇಂದ್ರಜಾಲ ಮತ್ತು ಅಮರ ಚಿತ್ರಕಥೆಯ ಸಂಚಿಕೆಗಳ ಒಂದು ಸಮಗ್ರ ಸೂಚಿ, ಅನುವಾದಕರ ಹೆಸರು ದೊರೆತಲ್ಲಿ ಅದರ ಸಹಿತ, ಸಿದ್ಧವಾಗಬೇಕು. ಮೊದಲ ತಲೆಮಾರಿನ ಓದುಗ-ಸಂಗ್ರಹಕಾರರ ಮೌಖಿಕ ನಿರೂಪಣೆಗಳನ್ನು ಅವರ ಪುಸ್ತಕಗಳ ಎದುರಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬೇಕು. 1964ರಲ್ಲಿ ಹತ್ತು ವರ್ಷದವರಾಗಿದ್ದವರು ಎಪ್ಪತ್ತು ದಾಟಿದ್ದಾರೆ. ಮೊಹರು ಬಿದ್ದ, ಬೈಂಡಾದ, ಪುಟ ಹರಿದ ಪ್ರತಿಗಳನ್ನು ಇದ್ದ ಸ್ಥಿತಿಯಲ್ಲೇ ಸ್ವೀಕರಿಸುವ ಒಂದು ಕಪಾಟು ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಇರಬೇಕು. ಸಂಗ್ರಹಕಾರನ ಕಾಲಾನಂತರ ಅವನ ಮನೆಯ ಬಾಗಿಲಿಗೆ ತಕ್ಕಡಿಯವನು ಬಂದೇ ಬರುತ್ತಾನೆ. ಅವನಿಗಿಂತ ಮೊದಲು ಸಂಶೋಧಕನು ಆ ಬಾಗಿಲನ್ನು ತಲುಪುವಂತಾಗಬೇಕು.