18ಕ್ಕೆ ಮತ, 21ಕ್ಕೆ ಸ್ಪರ್ಧೆ: ಆದರೆ ಚುನಾವಣೆ ಎಲ್ಲಿದೆ?

‘ಈಗಿನ ಹುಡುಗರಿಗೆ ರಾಜಕೀಯ ಅಂದ್ರೆ ರೀಲ್ಸು, ಟ್ರೋಲು, ಅಷ್ಟೇ’ ಅನ್ನೋ ಮಾತನ್ನ ಟಿವಿ ಚರ್ಚೆಯಿಂದ ಹಿಡಿದು ಮದುವೆ ಮನೆಯ ಊಟದ ಪಂಕ್ತಿವರೆಗೂ ಕೇಳಿದ್ದೇನೆ. ಈ ದೂರಿಗೆ ಉತ್ತರ ಹೇಳೋಕೆ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಬಿಟ್ಟರೂ ಈ ಚಟ ನನ್ನನ್ನ ಬಿಟ್ಟಿಲ್ಲ.

ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ಕೊನೆಯದಾಗಿ ನಡೆದದ್ದು 2015ರ ಆಗಸ್ಟ್ 22ರಂದು. ಅದರ ಮಾರನೇ ದಿನ 18 ತುಂಬಿದ ಹುಡುಗಿಗೆ 2025ರಲ್ಲಿ 28 ವರ್ಷ. ಈ ಅವಧಿಯಲ್ಲಿ ಆಕೆ ವಿಧಾನಸಭೆಗೆ ಎರಡು ಸಲ (2018, 2023), ಲೋಕಸಭೆಗೆ ಎರಡು ಸಲ (2019, 2024) ಮತ ಹಾಕಿರಬಹುದು. ಕಸ, ಚರಂಡಿ, ಬೀದಿದೀಪದ ಬಗ್ಗೆ ಜವಾಬು ಹೇಳಬೇಕಾದ ಕಾರ್ಪೊರೇಟರನ್ನ ಆರಿಸೋಕೆ ಒಂದು ಸಲವೂ ಅವಕಾಶ ಸಿಕ್ಕಿಲ್ಲ. ಹಳ್ಳಿಯಲ್ಲಿರುವ ಅವಳ ವಯಸ್ಸಿನವರ ಕಥೆಯೂ ಹೆಚ್ಚು ಬೇರೆ ಅಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ಕೊನೆಯ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. (ಇಲ್ಲಿರುವ ಲೆಕ್ಕವೆಲ್ಲ 2025ರ ಡಿಸೆಂಬರ್‌ವರೆಗಿನದು.)

ಸಂವಿಧಾನ ಇಷ್ಟು ಸಲೀಸಾಗಿ ಮುಂದೂಡೋಕೆ ಬಿಟ್ಟಿಲ್ಲ. ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ; ಅದು ಮುಗಿಯೋ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಪಂಚಾಯತ್‌ಗಳ ಮಟ್ಟಿಗೆ ಇದನ್ನ ಹೇಳೋದು 243ಇ ವಿಧಿ, ನಗರಗಳ ಮಟ್ಟಿಗೆ 243ಯು. 2006ರಲ್ಲಿ ಅಹಮದಾಬಾದ್ ಪಾಲಿಕೆ ಪ್ರಕರಣದಲ್ಲಿ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಕ್ಕಾಗಿ ಹೇಳಿದೆ.

ಮತ್ತೆ ನಿಂತಿದ್ದು ಯಾಕೆ? ಗಡಿಗೆರೆ ಎಳೆಯೋ ಆಟ. ಬೆಂಗಳೂರಿನಲ್ಲಿ 198 ಇದ್ದ ವಾರ್ಡು 2020ರ ಕಾಯ್ದೆಯಲ್ಲಿ 243 ಆಯ್ತು, 2023ರಲ್ಲಿ 225ಕ್ಕೆ ಇಳಿಯಿತು, ಆಮೇಲೆ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿ 369ಕ್ಕೆ ಏರಿಸಿದರು. ಪ್ರತಿ ಸಲ ಗೆರೆ ಬದಲಾದಾಗಲೂ ಮೀಸಲಾತಿ ಪಟ್ಟಿ ಹೊಸದಾಗಬೇಕು. ಪಟ್ಟಿ ಬಂದರೆ ಕೋರ್ಟ್ ಕೇಸು ಗ್ಯಾರಂಟಿ. ಜಿಲ್ಲಾ ಪಂಚಾಯತ್ ವಿಷಯದಲ್ಲಿ 2021ರಲ್ಲಿ ಕಾನೂನು ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಬಂದ ಕಾಂಗ್ರೆಸ್ಸೂ ಅವಸರ ಮಾಡಲಿಲ್ಲ. ನನ್ನ ಅಂದಾಜು ಇಷ್ಟೇ: ಕೆಳಗೆ ಚುನಾಯಿತರು ಇಲ್ಲದಿದ್ದರೆ ಎಲ್ಲ ಅರ್ಜಿಗಳೂ ಶಾಸಕರ ಮನೆ ಬಾಗಿಲಿಗೇ ಬರುತ್ತವೆ. ಆ ಅನುಕೂಲವನ್ನ ಯಾವ ಪಕ್ಷದ ಶಾಸಕರೂ ಬೇಡ ಅನ್ನಲ್ಲ.

ಇದರಲ್ಲಿ ಯುವಜನರಿಗೆ ಆಗೋ ನಷ್ಟ ಬೇರೆಯವರಿಗಿಂತ ದೊಡ್ಡದು. ವಿಧಾನಸಭೆ, ಲೋಕಸಭೆಗೆ ಸ್ಪರ್ಧಿಸೋಕೆ 25 ತುಂಬಿರಬೇಕು. ರಾಜ್ಯಸಭೆ, ವಿಧಾನ ಪರಿಷತ್ತಿಗೆ 30. ಪಂಚಾಯತ್, ಪಾಲಿಕೆಗೆ 21 ಸಾಕು. ಅಂದರೆ 21ರಿಂದ 25ರವರೆಗೆ ತೆರೆದಿರುವ ಬಾಗಿಲು ಇದೊಂದೇ. ದುಡ್ಡು, ಮನೆತನ ಎರಡೂ ಇಲ್ಲದವರಿಗೆ ಆಮೇಲೂ ಹೆಚ್ಚು ಕಡಿಮೆ ಇದೊಂದೇ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಬೋರ್ಡಿನಿಂದ ಮೇಲೆ ಬಂದವರು, ಸಿದ್ದರಾಮಯ್ಯ 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದವರು. ಆ ಮೆಟ್ಟಿಲನ್ನೇ ತೆಗೆದುಬಿಟ್ಟರೆ ಉಳಿಯೋದು ಅಪ್ಪನ ಕ್ಷೇತ್ರಕ್ಕೆ ಮಗ ಬರೋ ದಾರಿ. ಪಂಚಾಯತ್‌ಗಳಲ್ಲಿ ಹೆಣ್ಣುಮಕ್ಕಳಿಗಿರುವ ಶೇ. 50 ಮೀಸಲಾತಿ ಕೂಡ ಚುನಾವಣೆ ನಡೆದರೆ ತಾನೇ ಲೆಕ್ಕಕ್ಕೆ ಬರೋದು?

ವಿಚಿತ್ರ ಅಂದ್ರೆ 18ಕ್ಕೆ ಮತ ಅನ್ನೋದು ಶುರುವಾಗಿದ್ದೇ ಕೆಳಗಿನಿಂದ. 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನ 21ರಿಂದ 18ಕ್ಕೆ ಇಳಿಸೋ ಮೊದಲೇ ಕೆಲವು ರಾಜ್ಯಗಳು ಸ್ಥಳೀಯ ಚುನಾವಣೆಗಳಲ್ಲಿ ಅದನ್ನ ಜಾರಿ ಮಾಡಿದ್ದವು.

ಕಾಲೇಜಾದರೂ ಕಲಿಸುತ್ತಾ? ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಗೆ ಮೂರು ದಶಕಕ್ಕೂ ಹಿಂದೆಯೇ ತಡೆ ಬಿತ್ತು. ನಮ್ಮ ಕಾಲೇಜಿನಲ್ಲಿ ಕ್ಲಾಸ್ ರೆಪ್ ಆಗಬೇಕಾದರೂ ಅಟೆಂಡೆನ್ಸ್, ಮಾರ್ಕ್ಸು ನೋಡಿ ಮೇಷ್ಟ್ರೇ ಆರಿಸ್ತಿದ್ದರು.

ಸದ್ಯಕ್ಕೆ ಮಾಡಬಹುದಾದ್ದು: 17 ತುಂಬಿದ್ದರೆ ಮತದಾರರ ಪಟ್ಟಿಗೆ ಮುಂಗಡವಾಗಿ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನ ಆಗಿತ್ತು. 2022ರ ಆಗಸ್ಟ್‌ನಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು, ಯಾರ ಪರ್ಮಿಷನ್ನೂ ಬೇಕಿಲ್ಲ. ಕಳೆದ ಸಭೆಯ ನಡಾವಳಿ ಕೇಳಿ ನೋಡಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಇದೆ, 30 ದಿನದಲ್ಲಿ ಉತ್ತರ ಬರಬೇಕು.

ಊರು ಬಿಟ್ಟು ಬೆಂಗಳೂರಿನ ಪಿಜಿಯಲ್ಲಿ ಇರುವವರು ಒಂದು ವಿಷಯ ಯೋಚಿಸಿ. ಎರಡು ಕಡೆ ಹೆಸರು ಇಟ್ಟುಕೊಳ್ಳೋಕೆ ಕಾನೂನು ಬಿಡಲ್ಲ. ಇಲ್ಲಿಗೆ ಬದಲಾಯಿಸಬೇಕಾದರೆ ನಮೂನೆ 8. ಆದರೆ ಮುಂದೊಂದು ದಿನ ಊರಿನ ಪಂಚಾಯತ್‌ಗೆ ನಿಲ್ಲೋ ಆಸೆ ಇದ್ದರೆ, ಹೆಸರು ಅಲ್ಲಿನ ಪಟ್ಟಿಯಲ್ಲೇ ಇರಬೇಕು.