ಪರದೆಯ ಹಂಗು ಹರಿದ ಪೀಠಿಕೆ: ಕಛೇರಿ ಓವರ್ಚರ್

ಚಿಕ್ಕಪಡಸಲಗಿಯಲ್ಲಾಗಲಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಬೇರೆ ಊರುಗಳಲ್ಲಾಗಲಿ ಪಲ್ಲಕ್ಕಿ ಏಳುವ ಮುಂಚೆ ಕರಡಿ ಮಜಲಿನವರು ಬಾರಿಸಲು ನಿಂತರೆ ಮಂದಿ ಮನೆಯಿಂದ ಹೊರಗೆ ಬರುತ್ತಾರೆ. ಕರಡಿ ಎಂಬ ಚರ್ಮವಾದ್ಯದ ಪೆಟ್ಟು ನಿಧಾನವಾಗಿ ಶುರುವಾಗಿ ಬರಬರುತ್ತ ಬಿರುಸಾಗುತ್ತದೆ, ಮೇಲೆ ಸನಾದಿ ಎಳೆಯುತ್ತದೆ, ತಾಳದವರು ಕುಣಿಯುತ್ತಾರೆ. ಎಷ್ಟೇ ಚೆನ್ನಾಗಿ ಬಾರಿಸಿದರೂ ಅದು ಪಲ್ಲಕ್ಕಿಗೆಂದೇ ಬಾರಿಸಿದ್ದು. ಯುರೋಪಿನಲ್ಲಿ ನಾಟಕಕ್ಕೆ ಮುಂಚೆ ನುಡಿಸುತ್ತಿದ್ದ ಇಂಥದೇ ಒಂದು ವಾದ್ಯಸಂಗೀತ ಸುಮಾರು ಇನ್ನೂರು ವರ್ಷದ ಹಿಂದೆ ನಾಟಕವನ್ನೇ ಬಿಟ್ಟು ಹೊರಟು ತಾನೇ ಒಂದು ಕೃತಿಯಾಯಿತು. ಅದೇ ಕಛೇರಿ ಓವರ್ಚರ್.

ರೂಪ

ಹಾಡುಗಾರರಿಲ್ಲ, ಮಾತಿಲ್ಲ, ವೇಷವಿಲ್ಲ. ಒಂದೇ ಓಟದಲ್ಲಿ ಮುಗಿಯುವ, ಸಾಮಾನ್ಯವಾಗಿ ಎಂಟರಿಂದ ಹದಿನೈದು ನಿಮಿಷದ ವಾದ್ಯಕೃತಿ. ಸಿಂಫನಿ ಎಂಬ ದೊಡ್ಡ ವಾದ್ಯಕೃತಿಯಲ್ಲಿ ಹೆಚ್ಚಾಗಿ ನಾಲ್ಕು ಭಾಗಗಳಿರುತ್ತವೆ, ಇಲ್ಲಿ ಒಂದೇ. ಬಹುಪಾಲು ಕೃತಿಗಳಿಗೆ ಹೆಸರಿರುತ್ತದೆ: ಒಬ್ಬ ವೀರನದು, ಒಂದು ನಾಟಕದ್ದು, ಒಂದು ಗುಹೆಯದು, ಒಂದು ಯುದ್ಧದ್ದು. ನುಡಿಸುವವರು ಪಿಟೀಲು ಕುಟುಂಬದ ತಂತಿವಾದ್ಯ, ಊದುವ ವಾದ್ಯ ಮತ್ತು ಚರ್ಮವಾದ್ಯಗಳಿರುವ ದೊಡ್ಡ ವಾದ್ಯವೃಂದದವರು, ಇಲ್ಲವೇ ತಂತಿವಾದ್ಯಗಳಿಲ್ಲದ ಬ್ಯಾಂಡಿನವರು. ಜಾತ್ರೆಯ ರಾತ್ರಿ ಸಿನಿಮಾ ಹಾಡು ಹಾಡಲು ಬರುವ ಆರ್ಕೆಸ್ಟ್ರಾಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಆಟಕ್ಕೆ ಮುಂಚಿನ ಸಂಗೀತ

ಆಟಕ್ಕೆ ಮುಂಚೆ ವಾದ್ಯ ನುಡಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಭರತನ ನಾಟ್ಯಶಾಸ್ತ್ರದ ಐದನೇ ಅಧ್ಯಾಯ ಪೂರ್ವರಂಗಕ್ಕೇ ಮೀಸಲು. ಅದರ ಹತ್ತೊಂಬತ್ತು ಅಂಗಗಳಲ್ಲಿ ಒಂಬತ್ತು ಪರದೆಯ ಹಿಂದೆ ನಡೆಯುವಂಥವು: ವಾದ್ಯಗಳನ್ನು ಜೋಡಿಸುವುದು, ಶ್ರುತಿ ಮಾಡಿಕೊಳ್ಳುವುದು, ಕೈ ಪಳಗಿಸುವುದು, ಅರ್ಥವಿರುವ ಮಾತಿಲ್ಲದ ಸಂಗೀತ ನುಡಿಸುವುದು. ಕರಾವಳಿಯ ಯಕ್ಷಗಾನದಲ್ಲಿ ಚೆಂಡೆಯವರು ಆಟಕ್ಕೆ ಮುಂಚೆ ಕೇಳಿ ಬಾರಿಸುತ್ತಾರೆ. ಅದು ಊರಿಗೆ ಕೊಡುವ ಕರೆ.

ಈ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಈ ಸಣ್ಣಾಟ ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಮನೆಮಾತಾಯಿತು. ಹಾರ್ಮೋನಿಯಂ, ತಬಲಾ, ತಾಳ ಒಂದು ಹದಕ್ಕೆ ಬಂದ ಮೇಲೆಯೇ ಗಣಪತಿಯ ಸ್ತುತಿ, ಅದಾದ ಮೇಲೆಯೇ ಆಟ. ಕಂಪನಿ ನಾಟಕದಲ್ಲಿ ಮೂರನೇ ಗಂಟೆ ಹೊಡೆಯುವ ತನಕ ಕಾಲು ಹಾರ್ಮೋನಿಯಂನವರು ಮಂದಿಯನ್ನು ಹಿಡಿದಿಡುತ್ತಿದ್ದರು. ಪರದೆ ಎದ್ದ ಮೇಲೆ ಆ ಸಂಗೀತವನ್ನು ನೆನೆಯುವವರಿಲ್ಲ. ಈ ಪೀಠಿಕೆಯನ್ನಷ್ಟೇ ಬೇರೆ ದಿನ, ಬೇರೆ ಕಡೆ, ಟಿಕೆಟ್ಟು ಕೊಂಡು ಬಂದವರ ಮುಂದೆ ನುಡಿಸೋಣ ಎಂದು ನಮ್ಮ ಮೇಳದವರಿಗೆ ಹೊಳೆಯಲಿಲ್ಲ, ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಆಟವೇ ಬೆಳತನಕ ನಡೆಯುತ್ತಿರುವಾಗ ಬರಿಯ ಪೀಠಿಕೆ ಯಾರಿಗೆ ಬೇಕು?

ನಾಟಕದಿಂದ ಕಳಚಿಕೊಂಡ ಬಗೆ

ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಲುಲ್ಲಿ ಎಂಬ ಸಂಯೋಜಕ ಅರಸನ ಆಸ್ಥಾನಕ್ಕಾಗಿ ಒಂದು ಮಾದರಿ ಕಟ್ಟಿದ: ಮೊದಲು ಗಂಭೀರವಾದ ನಿಧಾನ ನಡೆ, ಆಮೇಲೆ ಚುರುಕಿನ ಓಟ. ಇಟಲಿಯವರದು ಚುರುಕು, ನಿಧಾನ, ಮತ್ತೆ ಚುರುಕು. ಸಿಂಫನಿ ಬೆಳೆದದ್ದು ಈ ಕೊನೆಯ ಬಗೆಯಿಂದ. ಆಗೆಲ್ಲ ಓವರ್ಚರಿನಲ್ಲಿ ಏನಿದೆ ಎಂಬುದಕ್ಕೂ ಮುಂದೆ ನಡೆಯುವ ಕಥೆಗೂ ನಂಟಿರಲಿಲ್ಲ. ‘ಆಲ್ಸೆಸ್ಟ್’ ಎಂಬ ತನ್ನ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕದ) 1769ರ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಸಂಯೋಜಕ ಗ್ಲುಕ್, ಬರಲಿರುವ ಕಥೆಯ ಸ್ವಭಾವವನ್ನು ಓವರ್ಚರ್ ಮೊದಲೇ ಪ್ರೇಕ್ಷಕರಿಗೆ ತಿಳಿಸಬೇಕು ಎಂದು ವಾದಿಸಿದ. ಈ ಮಾತೇ ಮುಂದೆ ತಿರುಗುಬಾಣವಾಯಿತು. ಕಥೆಯನ್ನೆಲ್ಲ ವಾದ್ಯವೇ ಹೇಳಿಬಿಟ್ಟರೆ ನಾಟಕಕ್ಕೆ ಉಳಿಯುವುದೇನು?

ಬೀಥೋವನ್ ಈ ಇಕ್ಕಟ್ಟಿಗೆ ಸಿಕ್ಕಿಕೊಂಡವನು. ತನ್ನ ಒಂದೇ ಒಂದು ಒಪೆರಾ ‘ಫಿಡೆಲಿಯೊ’ಗೆ ಅವನು ನಾಲ್ಕು ಓವರ್ಚರ್ ಬರೆದ. ಅವುಗಳಲ್ಲಿ ‘ಲಿಯೊನೋರಾ ಮೂರು’ ಎಂಬುದರಲ್ಲಿ ರಂಗದ ಹೊರಗಿನಿಂದ ಕೇಳಿಬರುವ ಕಹಳೆ ಸೆರೆಯಾಳಿನ ಬಿಡುಗಡೆಯನ್ನೇ ಸಾರಿಬಿಡುತ್ತದೆ. ಅದಾದ ಮೇಲೆ ಪರದೆ ಎದ್ದು ಮೊದಲ ದೃಶ್ಯದ ಮನೆವಾರ್ತೆ ಶುರುವಾದರೆ ಪೇಲವ ಎನಿಸದೆ ಇರದು. 1807ರ ‘ಕೊರಿಯೋಲಾನ್’ ಕಾಲಿನ್ ಎಂಬಾತನ ನಾಟಕಕ್ಕಾಗಿ ಹುಟ್ಟಿದ್ದು. ನಾಟಕವನ್ನು ಇಂದು ಯಾರೂ ಆಡುವುದಿಲ್ಲ, ಓವರ್ಚರ್ ಮಾತ್ರ ಎಲ್ಲ ಕಡೆ ನುಡಿಯುತ್ತದೆ. 1810ರ ‘ಎಗ್ಮಂಟ್’ ಗಯಟೆಯ ನಾಟಕಕ್ಕೆ ಬರೆದದ್ದು. ಸ್ಪೇನಿನ ಆಳ್ವಿಕೆ ಎದುರಿಸಿ 1568ರಲ್ಲಿ ತಲೆ ಕೊಟ್ಟ ಸರದಾರನ ಕಥೆ. ಕೃತಿಯ ಕೊನೆಗೆ ಸಾವಿನ ನೆರಳು ಸರಿದು ಗೆಲುವಿನ ನಗಾರಿ ಏಳುತ್ತದೆ.

ಮೆಂಡೆಲ್ಸನ್: ನಾಟಕವೇ ಇಲ್ಲದ ಓವರ್ಚರ್

ಪೂರ್ತಿ ಬಿಡುಗಡೆ ಕೊಟ್ಟವನು ಫೆಲಿಕ್ಸ್ ಮೆಂಡೆಲ್ಸನ್. 1826ರಲ್ಲಿ, ಹದಿನೇಳರ ಹರೆಯದಲ್ಲಿ, ಶೇಕ್ಸ್‌ಪಿಯರನ ‘ನಡುಬೇಸಗೆಯ ಇರುಳ ಕನಸು’ ಓದಿ ಅದರ ಓವರ್ಚರ್ ಬರೆದ. ಯಾವ ರಂಗಮಂದಿರವೂ ಕೇಳಿರಲಿಲ್ಲ. ಪಿಟೀಲುಗಳ ಸಣ್ಣ ಸದ್ದಿನಲ್ಲಿ ಯಕ್ಷಿಣಿಯರು ಹಾರುತ್ತಾರೆ, ನಡುವೆ ಕತ್ತೆಯ ತಲೆ ಹೊತ್ತ ನೇಕಾರ ಬಾಟಮ್ ಅರಚುತ್ತಾನೆ. ರಬಕವಿ-ಬನಹಟ್ಟಿಯ ಮಗ್ಗದವರಿಗೆ ತಮ್ಮ ವೃತ್ತಿಯವನೊಬ್ಬ ಇಲ್ಲಿ ಹೀಗೆ ಸಿಕ್ಕಿಬಿದ್ದಿರುವುದು ಗೊತ್ತಾದರೆ ನಕ್ಕಾರು. ನಾಟಕದ ಉಳಿದ ದೃಶ್ಯಗಳಿಗೆ ಸಂಗೀತ ಬರೆಯುವ ಕೆಲಸ ಅವನಿಗೆ ಬಂದದ್ದು ಹದಿನಾರು ವರ್ಷ ಕಳೆದ ಮೇಲೆ.

‘ಹೆಬ್ರಿಡೀಸ್’ ಇನ್ನೂ ಮುಂದೆ ಹೋಯಿತು. ಅಲ್ಲಿ ನಾಟಕವೂ ಇಲ್ಲ, ಕಥೆಯೂ ಇಲ್ಲ. ಇರುವುದು ಸ್ಕಾಟ್ಲೆಂಡಿನ ಪಡುವಣ ಕಡಲು ಮತ್ತು ಸ್ಟಾಫಾ ದ್ವೀಪದ ಫಿಂಗಲನ ಗುಹೆ. 1829ರ ಆಗಸ್ಟಿನಲ್ಲಿ ಅಲ್ಲಿಗೆ ಹೋದವನು ಗುಹೆ ನೋಡುವ ಹಿಂದಿನ ದಿನವೇ ಮನೆಗೆ ಬರೆದ ಪತ್ರದಲ್ಲಿ ಆರಂಭದ ಸ್ವರಗಳನ್ನು ಗೀಚಿದ್ದ. ಹಾಗಾಗಿ ಇದನ್ನು ಗುಹೆಯ ಚಿತ್ರ ಎನ್ನುವುದು ಅಷ್ಟು ಸರಿಯಲ್ಲ. ದಡದಲ್ಲಿ ನಿಂತವನ ಕಿವಿಗೆ ಬಿದ್ದ ನೀರು ಅದು. 1832ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ. ಓವರ್ಚರ್ ಕೇಳಬೇಕೆನ್ನುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇವನ ಬೆನ್ನಿಗೆ ಬಂದವರು ಹಲವರು. ಬರ್ಲಿಯೋಜ್ 1838ರಲ್ಲಿ ಸೋತ ತನ್ನ ಒಪೆರಾದ ರಾಗಗಳನ್ನು ಎತ್ತಿಕೊಂಡು 1844ರಲ್ಲಿ ‘ರೋಮನ್ ಕಾರ್ನಿವಲ್’ ಮಾಡಿದ, ಗೆದ್ದ. ಬ್ರೆಸ್ಲಾವ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟದ್ದಕ್ಕಾಗಿ ಬ್ರಾಮ್ಸ್ 1880ರಲ್ಲಿ ಹುಡುಗರು ಹಾಡುವ ಹಾಡುಗಳನ್ನೇ ಹೆಣೆದು ಓವರ್ಚರ್ ಒಪ್ಪಿಸಿದ. ಅಷ್ಟರಲ್ಲಿ ಲಿಸ್ಟ್ ಈ ರೂಪವನ್ನು ಎಳೆದು ಬೆಳೆಸಿ ಸಿಂಫನಿ ಕಾವ್ಯ ಎಂಬ ಬೇರೆ ಹೆಸರು ಕೊಟ್ಟಿದ್ದ.

ಷಡ್ಜವೇ ಜಾಗ ಬಿಡುತ್ತದೆ

ಹಿಂದೂಸ್ತಾನಿ ಕೇಳಿದ ಕಿವಿಗೆ ಓವರ್ಚರ್ ಮೊದಲ ಸಲ ಗೊಂದಲ ಎನಿಸುವುದಕ್ಕೆ ಒಂದು ಗಟ್ಟಿ ಕಾರಣವಿದೆ. ನಮ್ಮಲ್ಲಿ ತಂಬೂರಿ ಹಿಡಿದ ‘ಸಾ’ ಕಛೇರಿ ಮುಗಿಯುವ ತನಕ ಅಲುಗುವುದಿಲ್ಲ. ಎಷ್ಟು ತಾನ್ ಹೊಡೆದರೂ ಗಾಯಕ ಅಲ್ಲಿಗೇ ಬರಬೇಕು. ಓವರ್ಚರಿನಲ್ಲಿ ಆ ‘ಸಾ’ ತಾನೇ ಎದ್ದು ನಡೆಯುತ್ತದೆ.

ಸಾಮಾನ್ಯ ಚೌಕಟ್ಟು ಹೀಗೆ. ಮೊದಲೊಂದು ಎಳೆ ಅಥವಾ ಸ್ವರಗುಚ್ಛ ಬರುತ್ತದೆ. ಆಮೇಲೆ ಅದಕ್ಕೆ ಎದುರಾದ, ಹೆಚ್ಚಾಗಿ ಹಾಡಿನಂತಿರುವ ಎರಡನೇ ಎಳೆ ಬರುತ್ತದೆ, ಆದರೆ ಬೇರೆ ಷಡ್ಜದ ಮೇಲೆ. ಕೃತಿ ಶುದ್ಧ ಗಾಂಧಾರದ ಛಾಯೆಯದಾದರೆ ಹಳೆಯ ಪಂಚಮವೇ ಹೊಸ ‘ಸಾ’. ಕೋಮಲ ಗಾಂಧಾರದ ಛಾಯೆಯದಾದರೆ ಸಾಮಾನ್ಯವಾಗಿ ಆ ಕೋಮಲ ಗಾಂಧಾರವೇ ‘ಸಾ’. ಬಳಿಕ ಎರಡೂ ಎಳೆಗಳನ್ನು ಒಡೆದು, ತಿರುಚಿ, ನಿಲ್ಲಲು ನೆಲೆ ಕೊಡದೆ ಓಡಿಸುತ್ತಾರೆ. ಕೊನೆಗೆ ಎರಡೂ ಮೊದಲಿನ ‘ಸಾ’ಗೆ ಮರಳುತ್ತವೆ. ‘ಹೆಬ್ರಿಡೀಸ್’ನಲ್ಲಿ ಎರಡನೇ ಎಳೆಯನ್ನು ಮೊದಲು ಹಾಡುವುದು ಚೆಲ್ಲೊ ಮತ್ತು ಬಸೂನು, ಬೇರೆ ಷಡ್ಜದಲ್ಲಿ. ಮರಳಿ ಬಂದಾಗ ಅದೇ ಎಳೆಯನ್ನು ಕ್ಲಾರಿನೆಟ್ಟುಗಳು ಮನೆಯ ಷಡ್ಜದಲ್ಲಿ, ಮೆಲ್ಲಗೆ ನುಡಿಯುತ್ತವೆ. ಇದನ್ನು ಗುರುತು ಹಿಡಿದರೆ ಅರ್ಧ ಕೃತಿ ಕೈಗೆ ಬಂದಂತೆ.

ಊದುವವರ ಓವರ್ಚರ್

ಪಿಟೀಲಿನ ದನಿ ಬಯಲಿನಲ್ಲಿ ದೂರ ಹೋಗುವುದಿಲ್ಲ, ಊದುವ ವಾದ್ಯದ್ದು ಹೋಗುತ್ತದೆ. ನಮ್ಮ ಮೆರವಣಿಗೆಗೆ ಸನಾದಿ ಬೇಕಾದದ್ದೂ, ಯುರೋಪಿನ ದಂಡಿಗೆ ಬ್ಯಾಂಡ್ ಬೇಕಾದದ್ದೂ ಇದೇ ಕಾರಣಕ್ಕೆ. ಸನಾದಿಯೂ ಅವರ ಓಬೊ ವಾದ್ಯವೂ ಒಂದೇ ಕುಲ: ಎರಡು ತೆಳು ಪದರಗಳ ನಡುವೆ ಉಸಿರು ಹಾಯ್ದು ನಾದ ಹುಟ್ಟುತ್ತದೆ. ಇಡೀ ವಾದ್ಯವೃಂದ ಶ್ರುತಿ ಸೇರಿಸಿಕೊಳ್ಳುವುದು ಓಬೊದಿಂದಲೇ. ಸನಾದಿ ಎಂದೊಡನೆ ಈ ಭಾಗದವರಿಗೆ ನೆನಪಾಗುವುದು ಬೀಳಗಿಯ ಅಪ್ಪಣ್ಣ, ಮತ್ತು ರಾಜಕುಮಾರ್ ನಟಿಸಿದ, ಬಿಸ್ಮಿಲ್ಲಾ ಖಾನರ ಶಹನಾಯಿ ಇರುವ 1977ರ ‘ಸನಾದಿ ಅಪ್ಪಣ್ಣ’ ಚಿತ್ರ.

ಬ್ಯಾಂಡಿಗಾಗಿಯೇ ಓವರ್ಚರ್ ಬರೆಯುವುದು ಫ್ರೆಂಚ್ ಕ್ರಾಂತಿಯ ಕಾಲದಲ್ಲೇ ಶುರುವಾಗಿತ್ತು. ಬೀದಿಯ ಸಭೆಗಳಿಗೆ ಜನ ಸಾವಿರಗಟ್ಟಲೆ ಸೇರುತ್ತಿದ್ದಾಗ ಕಾಟೆಲ್‌ನಂಥವರು ಪ್ಯಾರಿಸ್ಸಿನ ಕಾವಲು ಪಡೆಯ ಬ್ಯಾಂಡಿಗೆ ಬರೆದರು. ಮೆಂಡೆಲ್ಸನ್ ಹದಿನೈದರ ಹುಡುಗನಿದ್ದಾಗ, 1824ರಲ್ಲಿ, ಡೊಬೆರಾನ್ ಎಂಬ ಕಡಲ ದಂಡೆಯ ಊರಿನ ಹನ್ನೊಂದು ಮಂದಿ ಊದುವವರಿಗಾಗಿ ಒಂದು ಕೃತಿ ಮಾಡಿದ್ದ. 1838ರಲ್ಲಿ ಅದನ್ನೇ ದೊಡ್ಡ ಬ್ಯಾಂಡಿಗೆ ಹಿಗ್ಗಿಸಿ ಓವರ್ಚರ್ ಎಂದು ಹೆಸರಿಟ್ಟ. ಇಂದಿಗೂ ಬ್ಯಾಂಡುಗಳು ಅದನ್ನು ಬಿಟ್ಟಿಲ್ಲ. ಉಳಿದಂತೆ ಬ್ಯಾಂಡಿನವರು ನುಡಿಸುವುದರಲ್ಲಿ ಬಹಳಷ್ಟು ವಾದ್ಯವೃಂದದಿಂದ ಇಳಿಸಿಕೊಂಡದ್ದು, ಪಿಟೀಲಿನ ಪಾಲನ್ನು ಕ್ಲಾರಿನೆಟ್ಟಿಗೆ ಕೊಟ್ಟು. ಶೊಸ್ತಕೋವಿಚ್ 1954ರಲ್ಲಿ ಬರೆದ ‘ಹಬ್ಬದ ಓವರ್ಚರ್’ ಹಾಗೆ ಬ್ಯಾಂಡಿಗೆ ಬಂದು ತನ್ನದೇ ಮನೆ ಮಾಡಿಕೊಂಡಿತು. ನಮ್ಮ ಮದುವೆ ದಿಬ್ಬಣದ ಬ್ಯಾಂಡ್ ಕಂಪನಿಯವರ ಕೈಯಲ್ಲಿರುವುದೂ ಅದೇ ಕ್ಲಾರಿನೆಟ್ಟು, ಅದೇ ಟ್ರಂಪೆಟ್ಟು. ಬ್ರಿಟಿಷರ ದಂಡಿನಿಂದ ವಾದ್ಯ ಬಂತು, ಓವರ್ಚರ್ ಬರಲಿಲ್ಲ; ಆ ಜಾಗಕ್ಕೆ ಸಿನಿಮಾ ಹಾಡು ಬಂತು.

ಮೈಸೂರಿನಲ್ಲಿ

ಕರ್ನಾಟಕದಲ್ಲಿ ಇದರ ಗಾಳಿ ನಿಜವಾಗಿ ಬೀಸಿದ್ದು ಮೈಸೂರಿನ ಅರಮನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಓಟೊ ಶ್ಮಿಟ್ ನಡೆಸಿದ. ಪಕ್ಕದಲ್ಲೇ ಕರ್ನಾಟಕ ಸಂಗೀತದ ಬ್ಯಾಂಡೂ ಇತ್ತು. ವೀಣೆ ವೆಂಕಟಗಿರಿಯಪ್ಪನವರು ಅರಸರ ಆಸೆಯಂತೆ ವಾದ್ಯಗಳಿಗೆಂದೇ ರಚಿಸಿದ ನಗ್ಮಾಗಳು, ಮಾತಿನ ಆಸರೆಯಿಲ್ಲದೆ ನಿಲ್ಲುವ ಚಿಕ್ಕ ವಾದ್ಯಕೃತಿಗಳು, ನನ್ನ ಮಟ್ಟಿಗೆ ಕನ್ನಡ ನೆಲದಲ್ಲಿ ಓವರ್ಚರಿಗೆ ತೀರ ಹತ್ತಿರ ಬಂದವು.

ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಅವರು ಹಣದ ಜಾಮೀನು ನಿಂತದ್ದರಿಂದ. ಅದೇ ಅರಸರು ತಾವು ರಚಿಸಲು ಕೂತಾಗ ಬರೆದದ್ದು ತೊಂಬತ್ತನಾಲ್ಕು ಸಂಸ್ಕೃತ ಕೃತಿಗಳನ್ನು, ಓವರ್ಚರ್ ಅಲ್ಲ. ಅರಮನೆಯ ಬ್ಯಾಂಡುಗಳು ಮುಂದೆ ಪೊಲೀಸ್ ಇಲಾಖೆಗೆ ಸೇರಿದವು. ದಸರೆಯಲ್ಲಿ ಅರಮನೆಯ ಮುಂದೆ ನಡೆಯುವ ಪೊಲೀಸ್ ಸಮೂಹ ವಾದ್ಯಮೇಳದಲ್ಲಿ ಆ ಪರಂಪರೆಯನ್ನು ಇಂದೂ ಕೇಳಬಹುದು.

1812, 1857

ಜಗತ್ತಿಗೆಲ್ಲ ಗೊತ್ತಿರುವ ಓವರ್ಚರ್ ಚೈಕೋವ್ಸ್ಕಿಯ ‘1812’. ನೆಪೋಲಿಯನ್ ಮಾಸ್ಕೋದಿಂದ ಸೋತು ಹಿಂದಿರುಗಿದ ನೆನಪಿಗೆ 1880ರಲ್ಲಿ ಬರೆದದ್ದು. ಕೊನೆಗೆ ಚರ್ಚಿನ ಗಂಟೆ, ಫಿರಂಗಿ. ಗದ್ದಲ ಹೆಚ್ಚು, ಒಲವಿಲ್ಲದೆ ಬರೆದೆ ಎಂದು ಅವನೇ ಹೇಳಿಕೊಂಡಿದ್ದ. ಅದರಲ್ಲೊಂದು ಕಾಲದೋಷವೂ ಇದೆ: ಫ್ರೆಂಚರ ಗುರುತಿಗೆ ಬಳಸಿದ ಮಾರ್ಸೆಲೇಸ್ ಹಾಡು ನೆಪೋಲಿಯನ್ನನ ಕಾಲದಲ್ಲಿ ರಾಷ್ಟ್ರಗೀತೆ ಆಗಿರಲಿಲ್ಲ, ರಷ್ಯನ್ನರ ಗುರುತಿಗೆ ಬಳಸಿದ ಗೀತೆ ಹುಟ್ಟಿದ್ದೇ 1833ರಲ್ಲಿ.

ಮುಧೋಳ ತಾಲೂಕಿನ ಹಲಗಲಿಗೆ ಇಂಥದೊಂದು ಓವರ್ಚರ್ ಸಲ್ಲಬೇಕು ಎಂದು ನನಗೆ ಅನಿಸುತ್ತದೆ. ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ 1857ರ ನವೆಂಬರಿನಲ್ಲಿ ಬೇಡರು ಕಾದಿದ ಊರು ಅದು. ಅದರ ಲಾವಣಿ ಹನುಮ, ಬಾಲ, ಜಡಗ, ರಾಮರ ಹೆಸರನ್ನು ಉಳಿಸಿದೆ. ಲಾವಣಿಯ ಧಾಟಿ ಮೊದಲ ಎಳೆಯಾಗಲಿ, ದಂಡಿನ ಕಹಳೆ ಎರಡನೆಯದಾಗಲಿ. ಊರು ಸುಟ್ಟು ಹೋದ ಕಥೆಯಾದ್ದರಿಂದ ಕೊನೆಗೆ ‘ಎಗ್ಮಂಟ್’ನ ಜಯಘೋಷ ಒಪ್ಪುವುದಿಲ್ಲ, ‘ಕೊರಿಯೋಲಾನ್’ ಮುಗಿಯುವಂತೆ ಸ್ವರಗಳು ಒಂದೊಂದಾಗಿ ಸಣ್ಣಗಾಗಬೇಕು. ಗೆಲುವಿನ ಓವರ್ಚರೇ ಬೇಕೆಂದರೆ ಚಿಕ್ಕಪಡಸಲಗಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣೆಗೆ ತಾವೇ ಕಟ್ಟಿ 1989ರಲ್ಲಿ ಮುಗಿಸಿದ ಬ್ಯಾರೇಜು, ಶ್ರಮಬಿಂದು ಸಾಗರ, ಇದ್ದೇ ಇದೆ. ಅದಕ್ಕೆ ಕರಡಿ ಸಾಕು, ಫಿರಂಗಿ ಬೇಡ. ಹಲಗಲಿಯ ಕೃತಿಯಲ್ಲಿ ಇಂಗ್ಲಿಷರ ಗುರುತಿಗೆ ಅವರ ರಾಣಿಯ ಗೀತೆಯನ್ನೇ ಬಳಸಿಕೊಳ್ಳಬಹುದು. 1857ರಲ್ಲಿ ಅದು ಚಾಲ್ತಿಯಲ್ಲಿತ್ತು, ಚೈಕೋವ್ಸ್ಕಿಯ ತೊಡಕು ಇಲ್ಲಿ ಬರುವುದಿಲ್ಲ.