ರಟ್ಟು ತೆಗೆದ ಮೇಲೆ ಉಳಿದ ಪೆಟ್ಟಿಗೆ

ಫಿಲಿಪೀನ್ಸ್‌ನಲ್ಲಿ ‘ಬಾಲಿಕ್‌ಬಾಯನ್’ ಎಂದರೆ ಊರಿಗೆ ಮರಳಿದವರು. ವಿದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗೂ ಅದೇ ಹೆಸರು. ಸೋಪು, ಡಬ್ಬಿಯಲ್ಲಿಟ್ಟ ಮಾಂಸ, ಚಾಕೊಲೇಟು, ಟವೆಲು, ಶೂ ಎಲ್ಲವೂ ಅದರಲ್ಲಿ ಹೋಗುತ್ತವೆ. ಹಡಗಿನ ದಾರಿಯಾದ್ದರಿಂದ ತಲುಪಲು ವಾರಗಟ್ಟಲೆ ಬೇಕು. ಕ್ರಿಸ್‌ಮಸ್‌ಗೆ ಸಿಗಬೇಕಾದರೆ ಬಹಳ ಮೊದಲೇ ಕಟ್ಟಿ ಕಳಿಸಬೇಕು. ಸಾಗಣೆಯ ದರ ಸಾಮಾನ್ಯವಾಗಿ ತೂಕದ ಮೇಲಲ್ಲ, ಪೆಟ್ಟಿಗೆಯ ಅಳತೆಯ ಮೇಲೆ. ಹಾಗಾಗಿ ಬೆರಳು ತೂರುವಷ್ಟು ಜಾಗ ಖಾಲಿ ಬಿಟ್ಟರೂ ನಷ್ಟವೇ. ಶೂ ಒಳಗೆ ಸಾಕ್ಸ್, ಪಾತ್ರೆಯೊಳಗೆ ಸೋಪು ತುರುಕುತ್ತಾರೆ. ನಮ್ಮ ಕರಾವಳಿಯಲ್ಲಿ ಗಲ್ಫ್‌ನಿಂದ ಬಂದ ಪೆಟ್ಟಿಗೆಯ ಹಗ್ಗ ಬಿಚ್ಚುವಾಗ ಸುತ್ತ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಕಲಾವಿದ ದಂಪತಿ ಆಲ್ಫ್ರೆಡೊ ಮತ್ತು ಇಸಾಬೆಲ್ ಅಕ್ವಿಲಿಝಾನ್ 2006ರಲ್ಲಿ ಮಕ್ಕಳೊಂದಿಗೆ ಫಿಲಿಪೀನ್ಸ್ ಬಿಟ್ಟು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನೆಲೆಸಿದರು. 2008ರಲ್ಲಿ ಅಡಿಲೇಡ್‌ನ ಕಲಾ ಬಿಯೆನಾಲೆಯಲ್ಲಿ ಅವರ ‘ಅಡ್ರೆಸ್’ ಎಂಬ ಕೃತಿ ಪ್ರದರ್ಶನಗೊಂಡಿತು. ಬಟ್ಟೆ, ಆಟಿಕೆ, ಪುಸ್ತಕ, ಅಡುಗೆಮನೆ ಸಾಮಾನುಗಳನ್ನು ಒತ್ತೊತ್ತಾಗಿ ಜೋಡಿಸಿದ ನೂರಕ್ಕೂ ಹೆಚ್ಚು ಚೌಕ ಗಟ್ಟಿಗಳು, ಗೋಡೆಗೆ ಇಟ್ಟಿಗೆ ಪೇರಿಸಿದಂತೆ ಒಂದರ ಮೇಲೊಂದು. ಆಕಾರ ಪೆಟ್ಟಿಗೆಯದೇ. ರಟ್ಟು ಮಾತ್ರ ಇಲ್ಲ.

ಇದನ್ನು ಕೊಳ್ಳುಬಾಕತನದ ಟೀಕೆ ಎಂದು ಓದುವುದು ಸುಲಭ. ನನಗೆ ಅದು ಅವಸರದ ಓದು ಅನ್ನಿಸುತ್ತದೆ. ಈ ಗಟ್ಟಿಗಳ ಬಿಗಿತ ದುರಾಸೆಯದಲ್ಲ, ಸಾಗಣೆ ದರದ್ದು. ಅದರ ಹಿಂದೆ ಸರ್ಕಾರವೂ ಇದೆ.

ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಸೈನಿಕ ಕಾನೂನು ಹೇರಿದರು. ಮರುವರ್ಷ, ಮುಖ್ಯವಾಗಿ ಅಮೆರಿಕದಲ್ಲಿದ್ದ ಫಿಲಿಪಿನೋಗಳನ್ನು ತವರಿಗೆ ಕರೆಯುವ ಬಾಲಿಕ್‌ಬಾಯನ್ ಯೋಜನೆ ಬಂತು. ಡಾಲರೂ ಬೇಕಿತ್ತು, ನಾಡು ನೆಮ್ಮದಿಯಾಗಿದೆ ಎಂಬ ಸಾಕ್ಷಿಯೂ ಬೇಕಿತ್ತು. 1974ರ ಕಾರ್ಮಿಕ ಸಂಹಿತೆ ವಿದೇಶಕ್ಕೆ ದುಡಿಮೆ ಕಳಿಸುವುದನ್ನು ಸರ್ಕಾರದ ನೀತಿಯನ್ನಾಗಿಸಿತು. ತೈಲದ ಹಣ ಹರಿಯುತ್ತಿದ್ದ ಕೊಲ್ಲಿ ದೇಶಗಳಿಗೆ ಕೆಲಸಗಾರರು ಬೇಕಾಗಿದ್ದರು. 1987ರಲ್ಲಿ ಕೊರಜಾನ್ ಅಕಿನೊ ಸರ್ಕಾರದ ಆದೇಶ ಪೆಟ್ಟಿಗೆಗಳಿಗೆ ಸುಂಕ ವಿನಾಯಿತಿ ವಿಸ್ತರಿಸಿತು. ಮನುಷ್ಯರು ಹೊರಗೆ, ಸಾಮಾನು ಒಳಗೆ. ವರ್ಷಗಟ್ಟಲೆ ಮಗುವಿನ ಮುಖ ನೋಡದ ತಾಯಿ ಅದರ ಕಾಲಿನ ಅಳತೆಯನ್ನು ಅಂದಾಜು ಮಾಡಿ ಚಪ್ಪಲಿ ಕೊಳ್ಳುತ್ತಾಳೆ. ಇದನ್ನು ‘ವಸ್ತುಮೋಹ’ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಅಕ್ವಿಲಿಝಾನ್‌ರ ಕೃತಿ ಇಲ್ಲೇ ದಿಕ್ಕು ಬದಲಿಸುವುದು. ಊರಿಗೆ ಹೋಗುವ ಪೆಟ್ಟಿಗೆಯಲ್ಲಿ ಬಹುಪಾಲು ಹೊಸ ಸಾಮಾನು. ‘ಅಡ್ರೆಸ್’ನಲ್ಲಿರುವುದು ಬಳಸಿದ್ದು, ಹೊಸ ನಾಡಿನಲ್ಲಿ ಮನೆ ಎನ್ನಿಸಿಕೊಳ್ಳಬೇಕಾದದ್ದು. ರಟ್ಟೇ ಇಲ್ಲದ ಮೇಲೆ ವಿಳಾಸ ಬರೆಯಲು ಜಾಗವೂ ಇಲ್ಲ, ಹೆಸರು ಮಾತ್ರ ‘ಅಡ್ರೆಸ್’. ಮುಂದೆ ಅವರು ರಟ್ಟನ್ನೇ ಹಿಡಿದು ಪುಟ್ಟ ಪುಟ್ಟ ಮನೆಗಳ ಊರುಗಳನ್ನು ಕಟ್ಟಿದರು. ಅದು ಬೇರೆಯೇ ಬರಹದ ವಿಷಯ.

2015ರಲ್ಲಿ ಫಿಲಿಪೀನ್ಸ್‌ನ ಕಸ್ಟಮ್ಸ್ ಇಲಾಖೆ ಕಳ್ಳಸಾಗಣೆಯ ಕಾರಣ ಹೇಳಿ ಈ ಪೆಟ್ಟಿಗೆಗಳನ್ನು ಬಿಚ್ಚಿ ತಪಾಸಣೆ ಮಾಡಲು ಹೊರಟಾಗ ವಿದೇಶದಲ್ಲಿದ್ದವರು ಕೆರಳಿದರು. ಅವರ ಸಿಟ್ಟು ಸುಂಕದ ಮೇಲಷ್ಟೇ ಅಲ್ಲ, ಗುರುತಿಲ್ಲದ ಕೈಗಳು ಒಳಗೆ ತಡಕಾಡುತ್ತವೆ ಎಂಬುದರ ಮೇಲೂ ಇತ್ತು. ಅಧ್ಯಕ್ಷರು ಎಕ್ಸ್‌ರೇ ಸಾಕೆಂದರು. 2016ರ ಕಾನೂನು 1,50,000 ಪೆಸೊವರೆಗಿನ ಸಾಮಾನನ್ನು ವರ್ಷಕ್ಕೆ ಮೂರು ಬಾರಿ ಸುಂಕವಿಲ್ಲದೆ ಬಿಟ್ಟಿತು.